ಯಾರಿಗೆ ಈ ಬಾಟಲಿ?

ಶಾಲು, ಹಾರ, ಹಣ್ಣಿನ ಬುಟ್ಟಿಗಳನ್ನು ಯಾರಿಗೆ ಬೇಕಾದರೂ ಕೊಡಬಹುದು. ಪಡೆಯುವವರ ಬಗ್ಗೆ ನಮಗೆ ಹೆಚ್ಚೇನೂ ಗೊತ್ತಿರಬೇಕಾಗಿಲ್ಲ. ಒಳ್ಳೆಯ ವಿಸ್ಕಿಯನ್ನು ಹಾಗೆ ಕೊಡಲು ಬರುವುದಿಲ್ಲ. ಆ ಮನುಷ್ಯ ಸಂಜೆ ಹೊತ್ತು ಒಬ್ಬನೇ ಕೂರುತ್ತಾನೋ ನಾಲ್ಕು ಜನ ಸೇರುತ್ತಾರೋ, ಲೋಟಕ್ಕೆ ನೀರು ಬೆರೆಸುತ್ತಾನೋ ಸೋಡಾ ಸುರಿಯುತ್ತಾನೋ, ಊಟಕ್ಕೆ ಮುಂಚೆಯೋ ಊಟದ ಜೊತೆಗೋ, ಡಾಕ್ಟರು ಏನು ಹೇಳಿದ್ದಾರೆ, ಮನೆಯವರು ಏನನ್ನುತ್ತಾರೆ, ಇಷ್ಟೂ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಕೇಳಿ ತಿಳಿಯಬೇಕು. ಇಷ್ಟು ತಿಳಿದವರು ಮಾತ್ರ ಕೊಡಬಲ್ಲ ಉಡುಗೊರೆ ಇದು ಎಂಬ ಕಾರಣಕ್ಕೇ ನನಗೆ ಇದರ ಮೇಲೆ ಗೌರವ.

ನಮ್ಮಲ್ಲಿ ಬಾಟಲಿ ಕೊಡುವುದು ಇನ್ನೂ ಕದ್ದುಮುಚ್ಚಿಯೇ. ಹಳೆ ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ, ಕಾರಿನ ಡಿಕ್ಕಿಯಿಂದ ಡಿಕ್ಕಿಗೆ ದಾಟಿಸುತ್ತಾರೆ. ಹೆಂಗಸರ ಎದುರು ಬೇಡ, ಮಕ್ಕಳ ಎದುರು ಬೇಡ, ದೇವರ ಕೋಣೆಯ ಕಡೆಗಂತೂ ಬೇಡವೇ ಬೇಡ. ಆದರೆ ಈ ಸಂಕೋಚ ಕರ್ನಾಟಕದ ಎಲ್ಲ ಕಡೆಯೂ ಒಂದೇ ಸಮ ಇಲ್ಲ. ಕೊಡಗಿನಲ್ಲಿ ಕಾರಣಂಗ್ ಕೊಡ್ಪ ಎಂದು ಹಿರಿಯರಿಗೆ ಎಡೆ ಇಡುವಾಗ ಮಾಂಸದಡುಗೆಯ ಪಕ್ಕದಲ್ಲಿ ಮದ್ಯವನ್ನೂ ಇಡುತ್ತಾರೆ. ತುಳುನಾಡಿನಲ್ಲಿ ಕೊರಗಜ್ಜನಿಗೆ ವೀಳ್ಯ, ಚಕ್ಕುಲಿಯ ಜೊತೆ ಕಳ್ಳು ಸಲ್ಲುತ್ತದೆ. ಅಲ್ಲಿ ಯಾರೂ ಅದನ್ನು ಕಪ್ಪು ಕವರಿನಲ್ಲಿ ಮುಚ್ಚಿ ತರುವುದಿಲ್ಲ. ಪ್ರೀತಿಪಾತ್ರರಾದ ಹಿರಿಯರಿಗೆ, ಅವರಿಗೆ ಇಷ್ಟವಾದದ್ದನ್ನು, ಎಲ್ಲರ ಎದುರಿಗೆ ಕೊಡುವುದು ಆ ಊರುಗಳ ಕ್ರಮ.

ನನ್ನ ಅಪ್ಪ ಸೋಮವಾರಪೇಟೆಯಲ್ಲಿ ಮೇಷ್ಟ್ರಾಗಿದ್ದರು. ಕಾಫಿ ಬಿಟ್ಟರೆ ಬೇರೇನನ್ನೂ ಕುಡಿದವರಲ್ಲ. ಅವರ ಪರಮ ಸ್ನೇಹಿತರು ಮಾತ್ರ ಸೈನ್ಯದಿಂದ ನಿವೃತ್ತರಾಗಿ ಬಂದ ಒಬ್ಬ ಸುಬೇದಾರರು. ನಾವು ಮಕ್ಕಳೆಲ್ಲ ಅವರನ್ನು ಸುಬೇದಾರ್ ಮಾವ ಎನ್ನುತ್ತಿದ್ದೆವು. ಜಗಲಿಯಲ್ಲಿ ಅಪ್ಪನ ಮುಂದೆ ಕಾಫಿ, ಮಾವನ ಮುಂದೆ ಕ್ಯಾಂಟೀನಿನಿಂದ ತಂದ ರಮ್ಮು. ಮಳೆಗಾಲದಲ್ಲಿ ಅದಕ್ಕೆ ಬಿಸಿನೀರು. ಇಬ್ಬರ ನಡುವೆ ಮುಗಿಯದ ಮಾತು. ಅಪ್ಪ ಹೋದ ಮೇಲೂ ಮಾವ ನಮ್ಮ ಮನೆಯ ಹಿರಿಯರಾಗಿಯೇ ಉಳಿದರು. ಅವರಿಗೆ ಎಪ್ಪತ್ತೈದು ತುಂಬಿದಾಗ ಅಪ್ಪನ ಹೆಸರಿನಲ್ಲಿ ಒಂದು ಬಾಟಲಿ ಒಯ್ದು ಕೊಡಬೇಕು ಅನ್ನಿಸಿತು. ವಿಸ್ಕಿಯ ವಿಷಯ ನಾನು ಮನಸ್ಸಿಟ್ಟು ಓದಿ, ಕೇಳಿ, ಮೂಸಿ, ಸ್ವಲ್ಪ ರುಚಿ ನೋಡಿ ಕಲಿತದ್ದು ಆ ನೆಪದಲ್ಲಿ.

ಮೊದಲು ಮಾಡಿದ ಕೆಲಸ ಅತ್ತೆಗೆ ಫೋನು. "ಅತ್ತೆ, ಮಾವ ಈಗಲೂ ತಗೊಳ್ತಾರಾ?" ಎಂದು ಕೇಳಿದೆ. "ತಗೊಳ್ತಾರೆ, ಎರಡು ಪೆಗ್ಗು. ಮೂರನೆಯದು ನಾನು ಕೊಡೋದಿಲ್ಲ" ಎಂದರು. ಈ ಫೋನನ್ನು ಯಾರೂ ತಪ್ಪಿಸಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಕುಡಿತದಿಂದ ಮನೆಗಳು ಮುಳುಗಿದ್ದನ್ನು ಕಂಡ ನಾಡು ನಮ್ಮದು. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಹಳ್ಳಿ ಹಳ್ಳಿಯ ಹೆಂಗಸರು ಅಂಗಡಿ ಮುಚ್ಚಿಸಿ ಎಂದು ಬೀದಿಗಿಳಿದದ್ದನ್ನು ನಾನು ನೋಡಿದ್ದೇನೆ. ನನ್ನ ದೊಡ್ಡಮ್ಮನ ಮಗ ಕಷ್ಟಪಟ್ಟು ಕುಡಿತ ಬಿಟ್ಟು, ಸಾಲ ತೀರಿಸಿ, ಸ್ವಂತ ಮನೆ ಕಟ್ಟಿ ಗೃಹಪ್ರವೇಶ ಮಾಡಿದ ದಿನ, ಹಳೆಯ ಗೆಳೆಯನೊಬ್ಬ ಚೆಂದದ ಪೆಟ್ಟಿಗೆಯಲ್ಲಿ ದುಬಾರಿ ವಿಸ್ಕಿ ತಂದುಕೊಟ್ಟ. ಕೊಟ್ಟವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಅತ್ತಿಗೆಯ ಮುಖ ಆ ಹೊತ್ತು ಹೇಗಾಯಿತು ಎಂಬುದನ್ನು ನೋಡಿದವರು ಇನ್ನೆಂದೂ ಕೇಳದೆ ಬಾಟಲಿ ಒಯ್ಯುವುದಿಲ್ಲ. ಬಿಟ್ಟವರಿಗೆ ಕೊಡಬಾರದು. ಬಿಡಲು ಹೆಣಗುತ್ತಿರುವವರಿಗೂ ಕೊಡಬಾರದು. ಪಿತ್ತಜನಕಾಂಗದ ತೊಂದರೆ ಇದ್ದವರಿಗೆ, ಮದ್ಯ ಸೇರಬಾರದ ಮಾತ್ರೆ ನುಂಗುತ್ತಿರುವವರಿಗೆ ಕೊಡಬಾರದು. ಇಲ್ಲಿ ದಾಕ್ಷಿಣ್ಯಕ್ಕೆ ಜಾಗವೇ ಇಲ್ಲ.

ಇಷ್ಟಾದ ಮೇಲೆ ಅಂಗಡಿ. ಹಿಂದೆ ಬೆಂಗಳೂರಿನ ವೈನ್ ಶಾಪುಗಳೆಂದರೆ ಕಬ್ಬಿಣದ ಜಾಲರಿ, ಅದರಲ್ಲೊಂದು ಕಿಂಡಿ, ಕಿಂಡಿಯ ಎದುರು ನೂಕುನುಗ್ಗಲು. ಈಗ ಒಳಗೆ ಹೋಗಿ, ಬಾಟಲಿ ಕೈಗೆತ್ತಿಕೊಂಡು, ಲೇಬಲ್ ಓದಿ ಆರಿಸುವಂಥ ಅಂಗಡಿಗಳು ಬಂದಿವೆ. ಹೆಂಗಸರೂ ನಿರಾಳವಾಗಿ ಹೋಗಬಹುದು. ಅಲ್ಲಿನ ಹುಡುಗರು ಒಳ್ಳೆಯವರು, ವಿನಯವಂತರು. ಆದರೆ ಅವರು ಕೇಳುವ ಮೊದಲ ಪ್ರಶ್ನೆ "ಬಜೆಟ್ ಎಷ್ಟು ಮೇಡಂ?" ಎಂದೇ. ಯಾರಿಗೆ ಕೊಡುತ್ತೀರಿ, ಅವರು ಹೇಗೆ ಕುಡಿಯುತ್ತಾರೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಆ ಪ್ರಶ್ನೆಯನ್ನು ನಾವೇ ಮನೆಯಿಂದ ಹೊರಡುವಾಗ ಕೇಳಿಕೊಂಡು ಹೊರಡಬೇಕು. ದುಡ್ಡಿನ ಲೆಕ್ಕ ಆಮೇಲಿನದು.

ಲೇಬಲ್ ಓದಲು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ. ನಮ್ಮ ದೇಶದಲ್ಲಿ ವಿಸ್ಕಿ ಎಂಬ ಹೆಸರಿನಲ್ಲಿ ಮಾರಾಟವಾಗುವುದರಲ್ಲಿ ದೊಡ್ಡ ಪಾಲು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಭಟ್ಟಿ ಇಳಿಸಿದ ಮದ್ಯಸಾರ. ಅದಕ್ಕೆ ಸ್ವಲ್ಪ ಮಾಲ್ಟ್ ವಿಸ್ಕಿ ಬೆರೆಸಿರುತ್ತಾರೆ. ಯುರೋಪಿನ ಕಾನೂನಿನಲ್ಲಿ ಇದಕ್ಕೆ ವಿಸ್ಕಿ ಎಂಬ ಹೆಸರೇ ಸಲ್ಲದು. ಅಲ್ಲಿ ಧಾನ್ಯದಿಂದಲೇ ಮಾಡಿರಬೇಕು, ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಕಳೆದಿರಬೇಕು. ಸಿಂಗಲ್ ಮಾಲ್ಟ್ ಎಂದರೆ ಏನೆಂದು ಕನ್ನಡದ ಮನೆಗಳಿಗೆ ತಿಳಿಸುವುದು ಸುಲಭ, ಏಕೆಂದರೆ ರಾಗಿ ಮಾಲ್ಟ್ ಮಾಡದ ಮನೆ ನಮ್ಮಲ್ಲಿ ಕಡಿಮೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಬೀಸುವ ಹಾಗೆಯೇ ಅಲ್ಲಿ ಬಾರ್ಲಿಗೆ ಮೊಳಕೆ ಬರಿಸುತ್ತಾರೆ. ಮೊಳೆತ ಕಾಳಿನ ಪಿಷ್ಟ ಬಿಸಿನೀರಿನಲ್ಲಿ ಸಕ್ಕರೆಯಾಗುತ್ತದೆ, ಯೀಸ್ಟ್ ಹಾಕಿ ಹುಳಿ ಬರಿಸುತ್ತಾರೆ, ತಾಮ್ರದ ಭಟ್ಟಿಯಲ್ಲಿ ಕಾಯಿಸಿ ಇಳಿಸುತ್ತಾರೆ. ಮೊಳಕೆ ಬಾರ್ಲಿಯೊಂದರಿಂದಲೇ, ಒಂದೇ ಭಟ್ಟಿಮನೆಯಲ್ಲಿ ಮಾಡಿದ್ದಾದರೆ ಅದು ಸಿಂಗಲ್ ಮಾಲ್ಟ್. ಹಲವು ಭಟ್ಟಿಮನೆಗಳ ಮಾಲ್ಟನ್ನು, ಬೇರೆ ಧಾನ್ಯಗಳ ಹಗುರವಾದ ವಿಸ್ಕಿಯೊಡನೆ ಹದವರಿತು ಬೆರೆಸಿದರೆ ಬ್ಲೆಂಡ್.

ಬ್ಲೆಂಡ್ ಎಂದರೆ ಕೀಳು, ಸಿಂಗಲ್ ಮಾಲ್ಟ್ ಎಂದರೆ ಮೇಲು ಎಂದು ಈಚೆಗೆ ಕೇಳಿಬರುವ ಮಾತನ್ನು ನಾನು ಒಪ್ಪುವುದಿಲ್ಲ. ಲೋಕದಲ್ಲಿ ಮಾರಾಟವಾಗುವ ಸ್ಕಾಚ್‌ನಲ್ಲಿ ಬಹುಪಾಲು ಬ್ಲೆಂಡೇ. ನಿಮ್ಮ ಗೆಳೆಯರು ಲೋಟ ತುಂಬ ಸೋಡಾ, ಐಸು ಹಾಕಿ, ಗೋಡಂಬಿ ಹುರಿದುಕೊಂಡು, ನಾಲ್ಕು ಜನರೊಡನೆ ಕ್ರಿಕೆಟ್ ನೋಡುತ್ತ ಕುಡಿಯುವವರಾದರೆ, ಅವರಿಗೆ ಒಂದು ಒಳ್ಳೆಯ 12 ವರ್ಷದ ಬ್ಲೆಂಡ್ ಸರಿಯಾದ ಉಡುಗೊರೆ. ಜಾನಿ ವಾಕರ್ ಬ್ಲ್ಯಾಕ್ ಲೇಬಲ್ಲಿನಂಥದ್ದು ಸೋಡಾ ಬೆರೆಸಿದ ಮೇಲೂ ತನ್ನ ಹದ ಕಳೆದುಕೊಳ್ಳುವುದಿಲ್ಲ. ಸೂಕ್ಷ್ಮವಾದ ಸಿಂಗಲ್ ಮಾಲ್ಟ್ ಕೊಟ್ಟರೆ ಅದರ ಪರಿಮಳ ಸೋಡಾದ ಗುಳ್ಳೆಯ ಜೊತೆಗೇ ಹಾರಿಹೋಗುತ್ತದೆ.

ಲೇಬಲ್ಲಿನ ಮೇಲಿನ ವಯಸ್ಸಿಗೆ ಬರುತ್ತೇನೆ. 12, 15, 18 ಎಂದು ಬರೆದಿರುತ್ತದಲ್ಲ, ಅದು ಒಳಗಿರುವ ವಿಸ್ಕಿಗಳಲ್ಲಿ ಎಲ್ಲಕ್ಕಿಂತ ಎಳೆಯದರ ವಯಸ್ಸು. ಅದೂ ಪೀಪಾಯಿಯಲ್ಲಿ ಕಳೆದ ವರ್ಷಗಳು ಮಾತ್ರ. ಗಾಜಿನ ಬಾಟಲಿಗೆ ತುಂಬಿದ ದಿನವೇ ಅದರ ಬೆಳವಣಿಗೆ ನಿಂತಿತು. ಈ ಒಂದು ಸಂಗತಿ ನಮ್ಮ ಮಧ್ಯಮ ವರ್ಗದ ಮನೆಗಳಿಗೆಲ್ಲ ತಿಳಿಯಬೇಕು ಎಂಬುದು ನನ್ನ ಆಸೆ. ಅಮೆರಿಕದಿಂದ, ದುಬೈಯಿಂದ ಮಕ್ಕಳು ಬರುವಾಗ ಡ್ಯೂಟಿ ಫ್ರೀಯಲ್ಲಿ ಬಾಟಲಿ ತರುತ್ತಾರೆ. ಒಬ್ಬ ವಯಸ್ಕರಿಗೆ 2 ಲೀಟರ್ ತರಲು ಅವಕಾಶ ಇದೆ. ತಂದೆ ಅದನ್ನು ಮುಟ್ಟಿ ನೋಡಿ, ಪೆಟ್ಟಿಗೆಯ ಸಮೇತ ಬೀರುವಿನಲ್ಲಿ ಇಡುತ್ತಾರೆ. ಒಳ್ಳೆಯ ದಿನ ಬರಲಿ, ಆಗ ತೆಗೆಯೋಣ ಎನ್ನುತ್ತಾರೆ. ಮಗಳ ಮದುವೆ ಬರುತ್ತದೆ, ಅವತ್ತು ಗಡಿಬಿಡಿ. ಮೊಮ್ಮಗ ಹುಟ್ಟುತ್ತಾನೆ, ಅವತ್ತು ಆಸ್ಪತ್ರೆ. ಆಮೇಲೊಂದು ದಿನ ಡಾಕ್ಟರು ಸಾಕು ಅನ್ನುತ್ತಾರೆ. ತಂದೆ ತೀರಿಕೊಂಡ ಮೇಲೆ ಬೀರು ಖಾಲಿ ಮಾಡುವಾಗ ಆ ಬಾಟಲಿ ಸೀಲು ಒಡೆಯದೆ ಸಿಗುತ್ತದೆ. ಇಂಥ ಬಾಟಲಿಗಳನ್ನು ನಾನು ನೆಂಟರ ಮನೆಗಳಲ್ಲಿ ನೋಡಿದ್ದೇನೆ. ಕಾರ್ಕು ಒಣಗಿ ಪುಡಿಯಾಗಿರುತ್ತದೆ, ವಿಸ್ಕಿ ಕತ್ತಿನಿಂದ ಕೆಳಗಿಳಿದಿರುತ್ತದೆ. ಇಟ್ಟರೆ ಇನ್ನೂ ರುಚಿಯಾಗುತ್ತದೆ ಎಂಬುದು ಬಾಟಲಿಯ ವಿಸ್ಕಿಯ ಮಟ್ಟಿಗೆ ಸುಳ್ಳು. ಆದ್ದರಿಂದ ಅವರು ಸೀಲು ಒಡೆದು ಕುಡಿಯಲು ಹಿಂಜರಿಯದಂಥ ಬಾಟಲಿ ಕೊಡಬೇಕು. ಕೊಡುವಾಗ ಬಾಯಿಬಿಟ್ಟು ಹೇಳಲೂಬೇಕು: "ಇದನ್ನು ಇಡಬೇಡಿ, ಈ ವಾರವೇ ತೆಗೆಯಿರಿ." ತೀರಾ ದುಬಾರಿಯದನ್ನು ಕೊಟ್ಟರೆ ಅದು ಶೋಕೇಸಿಗೆ ಹೋಗುತ್ತದೆ, ಲೋಟಕ್ಕೆ ಬರುವುದಿಲ್ಲ. ಮರದ ಪೆಟ್ಟಿಗೆ, ರೇಷ್ಮೆಯ ಹಾಸು, ಹರಳುಗಾಜಿನ ಬಾಟಲಿ ಇವಕ್ಕೆಲ್ಲ ಕೊಟ್ಟ ದುಡ್ಡು ವಿಸ್ಕಿಗೆ ಕೊಟ್ಟ ದುಡ್ಡಲ್ಲ.

ವಯಸ್ಸು ಹೆಚ್ಚಾದಷ್ಟೂ ಒಳ್ಳೆಯದು ಎಂಬ ನಂಬಿಕೆಗೂ ನಮ್ಮ ಊರಿನಲ್ಲೇ ಉತ್ತರ ಇದೆ. ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿ ಹೋದರೆ ಕಂಬಿಪುರ. ಅಮೃತ್ ಡಿಸ್ಟಿಲರೀಸ್ ಇರುವುದು ಅಲ್ಲಿ. ಜೆ.ಎನ್. ರಾಧಾಕೃಷ್ಣ ಜಗದಾಳೆ 1948ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕಂಪನಿ. ಬ್ರಾಂದಿ, ರಮ್ಮು ಮಾಡಿ, ಸೈನ್ಯದ ಕ್ಯಾಂಟೀನುಗಳಿಗೆ ಸರಬರಾಜು ಮಾಡಿ ಬೆಳೆದದ್ದು. ಅವರ ಮಗ ನೀಲಕಂಠ ಜಗದಾಳೆಯವರ ಕಾಲದಲ್ಲಿ ಬಾರ್ಲಿಯಿಂದ ಮಾಲ್ಟ್ ವಿಸ್ಕಿ ಇಳಿಸತೊಡಗಿದರು. ಮೊದಮೊದಲು ಅದು ಬ್ಲೆಂಡಿಗೆ ಬೆರೆಸಲು ಮಾತ್ರ ಬಳಕೆಯಾಗುತ್ತಿತ್ತು. ಆಮೇಲೆ ಅದನ್ನೇ ಬಾಟಲಿಗೆ ತುಂಬಿ, 2004ರ ಆಗಸ್ಟ್‌ನಲ್ಲಿ, ಎಲ್ಲಿ ಬಿಡುಗಡೆ ಮಾಡಿದರು ಎಂದರೆ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ! ವಿಸ್ಕಿಯ ತವರಿನಲ್ಲೇ ನಿಂತು, ಇದು ಬೆಂಗಳೂರಿನದು, ಕುಡಿದು ನೋಡಿ ಎಂದು ಹೇಳಿದ ಆ ಧೈರ್ಯ ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ. ಭಾರತದ ವಿಸ್ಕಿ ಎಂದರೆ ಕಾಕಂಬಿಯದು ಎಂದು ಜನ ಮೂಗು ಮುರಿಯುತ್ತಿದ್ದ ಕಾಲ ಅದು. ಬೆಂಗಳೂರಿನ ಅಂಗಡಿಗಳಿಗೆ ಅದು ಬಂದದ್ದು 2010ರಲ್ಲಿ. ಅದೇ ಹೊತ್ತಿಗೆ ಜಿಮ್ ಮರ್ರೆ ಎಂಬ ಇಂಗ್ಲಿಷ್ ವಿಮರ್ಶಕರು ತಮ್ಮ 2010ರ ವಿಸ್ಕಿ ಬೈಬಲ್‌ನಲ್ಲಿ ಅಮೃತ್ ಫ್ಯೂಷನ್‌ಗೆ 100ಕ್ಕೆ 97 ಅಂಕ ಕೊಟ್ಟು, ಲೋಕದಲ್ಲೇ ಮೂರನೆಯ ಸ್ಥಾನದಲ್ಲಿ ಕೂರಿಸಿದ್ದರು. ಒಬ್ಬ ವಿಮರ್ಶಕನ ಅಂಕವೇ ಕೊನೆಯ ಮಾತು ಎಂದು ನಾನು ತಿಳಿದಿಲ್ಲ. ಆದರೂ ಬಾಗಿಲು ತೆರೆದದ್ದು ಆ ಅಂಕ. ಬೆಂಗಳೂರಿನ ಜಾನ್ ಡಿಸ್ಟಿಲರೀಸ್ ಗೋವಾದಲ್ಲಿ ಮಾಡುವ ಪಾಲ್ ಜಾನ್, ಉತ್ತರ ಪ್ರದೇಶದ ರಾಮ್‌ಪುರ, ಹರಿಯಾಣದ ಇಂದ್ರಿ ಎಲ್ಲವೂ ಆ ಬಾಗಿಲಿನಿಂದ ಆಮೇಲೆ ಬಂದವು.

ಈ ವಿಸ್ಕಿಗಳ ಲೇಬಲ್ಲಿನಲ್ಲಿ ಸಾಮಾನ್ಯವಾಗಿ ವಯಸ್ಸು ಇರುವುದಿಲ್ಲ. ಅದಕ್ಕೆ ಕಾರಣ ನಮ್ಮ ಬಿಸಿಲು. ಪೀಪಾಯಿಯ ಮರ ಉಸಿರಾಡುತ್ತದೆ, ಒಳಗಿನ ವಿಸ್ಕಿ ವರ್ಷ ವರ್ಷವೂ ಇಷ್ಟಿಷ್ಟೇ ಆವಿಯಾಗಿ ಹೋಗುತ್ತದೆ. ದೇವತೆಗಳ ಪಾಲು ಎಂದು ಸ್ಕಾಟ್ಲೆಂಡಿನವರು ಅದನ್ನು ಕರೆಯುತ್ತಾರೆ. ಅಲ್ಲಿಯ ತಂಪಿನಲ್ಲಿ ಆ ಪಾಲು ವರ್ಷಕ್ಕೆ ಸುಮಾರು ಶೇ 2. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿರುವ, ಗಾಳಿ ಒಣಗಿರುವ ಬೆಂಗಳೂರಿನಲ್ಲಿ ಶೇ 10ರಿಂದ 12. ಐದು ವರ್ಷ ಇಟ್ಟರೆ ಪೀಪಾಯಿ ಅರ್ಧಕ್ಕೆ ಹತ್ತಿರ ಖಾಲಿ. ಇಷ್ಟು ನಷ್ಟ ತರುವ ಅದೇ ಶಾಖ ಮರದ ಸತ್ವವನ್ನು ವಿಸ್ಕಿಗೆ ಬೇಗಬೇಗನೆ ಇಳಿಸುತ್ತದೆ. ಅಲ್ಲಿ ಹತ್ತಾರು ವರ್ಷ ಹಿಡಿಯುವ ಬಣ್ಣ, ಘಮ ಇಲ್ಲಿ ನಾಲ್ಕೈದು ವರ್ಷಕ್ಕೆ ಕೂಡಿಬರುತ್ತದೆ. 2013ರಲ್ಲಿ ಅಮೃತ್‌ನವರು 8 ವರ್ಷ ಕಾದ ಒಂದು ವಿಸ್ಕಿಯನ್ನು ಬಾಟಲಿಗೆ ತುಂಬಿ 'ಗ್ರೀಡಿ ಏಂಜಲ್ಸ್', ದುರಾಸೆಯ ದೇವತೆಗಳು, ಎಂದು ಹೆಸರಿಟ್ಟದ್ದು ಈ ನಷ್ಟದ ಲೆಕ್ಕದಿಂದಲೇ. ಹೀಗಿರುವಾಗ ಸ್ಕಾಟ್ಲೆಂಡಿನ 12ನ್ನು ಬೆಂಗಳೂರಿನ 5ರ ಪಕ್ಕದಲ್ಲಿ ಇಟ್ಟು ದೊಡ್ಡದು ಯಾವುದು ಎಂದು ಅಳೆಯುವುದರಲ್ಲಿ ಅರ್ಥವಿಲ್ಲ.

ಇನ್ನು ಹೊಗೆ. ಸ್ಕಾಟ್ಲೆಂಡಿನ ಕೆಲವು ಕಡೆ ಮೊಳಕೆ ಬಾರ್ಲಿಯನ್ನು ಒಣಗಿಸಲು ಪೀಟ್ ಉರಿಸುತ್ತಾರೆ. ಜೌಗುನೆಲದಲ್ಲಿ ಸಾವಿರಾರು ವರ್ಷ ಕೊಳೆತು ಗಟ್ಟಿಯಾದ ಸಸ್ಯಗಳ ಮಣ್ಣು ಅದು. ಆ ಹೊಗೆಯ ಘಾಟು ಕಾಳಿಗೆ ಹತ್ತಿ, ಕೊನೆಗೆ ಲೋಟದವರೆಗೂ ಬರುತ್ತದೆ. ಐಲಾ ದ್ವೀಪದ ಲಫ್ರೋಯ್ಗ್, ಆರ್ಡ್‌ಬೆಗ್‌ಗಳಲ್ಲಿ ಅದು ಎಷ್ಟು ಜೋರು ಎಂದರೆ, ಮೊದಲ ಸಲ ಮೂಸಿದವರಿಗೆ ಆಸ್ಪತ್ರೆಯ ಡ್ರೆಸಿಂಗ್ ಕೋಣೆ ನೆನಪಾಗುವುದುಂಟು. ಇಷ್ಟಪಡುವವರು ಅದಕ್ಕೇ ಸೋಲುತ್ತಾರೆ, ಉಳಿದವರು ಲೋಟ ದೂರ ತಳ್ಳುತ್ತಾರೆ. ಉಡುಗೊರೆ ಕೊಡುವವರು ಬಲು ಎಚ್ಚರ ವಹಿಸಬೇಕಾದದ್ದು ಇಲ್ಲಿ. ಎದುರಿನವರ ನಾಲಗೆ ಗೊತ್ತಿಲ್ಲದಿದ್ದರೆ ಹೊಗೆಯದು ಬೇಡ. ಸ್ಪೇಸೈಡ್ ಕಡೆಯ ಗ್ಲೆನ್‌ಫಿಡಿಕ್, ಗ್ಲೆನ್‌ಲಿವೆಟ್‌ಗಳು ಹಣ್ಣಿನ ಘಮದವು, ಮೃದು. ಸಿಂಗಲ್ ಮಾಲ್ಟ್ ಮೊದಲ ಸಲ ಕುಡಿಯುವವರಿಗೆ ಅವು ಒಗ್ಗುತ್ತವೆ.

ಸುಬೇದಾರ್ ಮಾವನ ನಾಲಗೆ ನನಗೆ ಗೊತ್ತಿತ್ತು. ಅವರ ಮನೆಯ ಒಲೆಯ ಮೇಲೆ ಮಾಂಸವನ್ನು ಹೊಗೆಗೆ ಕಟ್ಟಿ ಒಣಗಿಸುತ್ತಿದ್ದರು. ಮಳೆಗಾಲದಲ್ಲಿ ಅದನ್ನು ಹುರಿದು ತಟ್ಟೆಗೆ ಬಡಿಸಿಕೊಂಡಾಗ ಅವರಿಗೆ ಬೇರೇನೂ ಬೇಡ. ಹೊಗೆ ಅವರಿಗೆ ಹೊಸದಲ್ಲ. ಆದರೆ ಆಯುಷ್ಯವೆಲ್ಲ ರಮ್ಮು ಕುಡಿದವರಿಗೆ ಒಂದಿಷ್ಟು ಸಿಹಿಯೂ ಬೇಕು. ಬರೀ ಘಾಟಿನ ಐಲಾ ವಿಸ್ಕಿ ಕೊಟ್ಟರೆ ಒಪ್ಪಲಿಕ್ಕಿಲ್ಲ. ಕ್ಯಾಂಟೀನಿನಲ್ಲಿ ಅವರಿಗೆ ದಿನವೂ ಸಿಗುವಂಥದ್ದನ್ನೇ ಕೊಡಲೂ ಮನಸ್ಸಿಲ್ಲ. ಅಮೃತ್ ಫ್ಯೂಷನ್ ಬಗ್ಗೆ ಓದಿದಾಗ ಇದೇ ಸರಿ ಅನ್ನಿಸಿತು. ಅದರಲ್ಲಿ ಮುಕ್ಕಾಲು ಪಾಲು ನಮ್ಮ ಉತ್ತರ ಭಾರತದ ಬಾರ್ಲಿ, ಕಾಲು ಪಾಲು ಸ್ಕಾಟ್ಲೆಂಡಿನಿಂದ ತರಿಸಿದ ಹೊಗೆ ಹಾಕಿದ ಬಾರ್ಲಿ. ಎರಡನ್ನೂ ಬೇರೆ ಬೇರೆ ಭಟ್ಟಿ ಇಳಿಸಿ, ಬೇರೆ ಬೇರೆ ಪೀಪಾಯಿಗಳಲ್ಲಿ ಮಾಗಿಸಿ, ಆಮೇಲೆ ಕೂಡಿಸುತ್ತಾರೆ. ಬೆಲ್ಲದ ಸಿಹಿ ಮೊದಲು, ಹೊಗೆ ಅದರ ಹಿಂದಿನಿಂದ.

ಅತ್ತೆಗೆ ಮಾತ್ರ ಒಂದು ವಿಷಯ ಮುಂಚೆಯೇ ತಿಳಿಸಿದೆ. ನಮ್ಮ ದೇಶದ ಸಾಮಾನ್ಯ ವಿಸ್ಕಿ, ರಮ್ಮುಗಳ ಲೇಬಲ್ಲಿನಲ್ಲಿ ಶೇ 42.8 ಎಂದಿರುತ್ತದೆ. ಬ್ರಿಟಿಷರ ಹಳೆಯ ಪ್ರೂಫ್ ಲೆಕ್ಕದ 75 ಡಿಗ್ರಿ ಅದು. ಫ್ಯೂಷನ್ ಶೇ 50. ಅದೇ ಅಳತೆಯ ಎರಡು ಪೆಗ್ಗು ಎಂದರೆ ಮದ್ಯಸಾರ ಹೆಚ್ಚು ಹೋಗುತ್ತದೆ, ಆದ್ದರಿಂದ ಲೋಟಕ್ಕೆ ಹಾಕುವುದು ಕಡಿಮೆ ಇರಲಿ, ನೀರು ತುಸು ಹೆಚ್ಚಿರಲಿ ಎಂದೆ. ಇಂಥ ವಿಸ್ಕಿಗೆ ತಣ್ಣೀರು ಬೆರೆಸಿದಾಗ ಒಮ್ಮೊಮ್ಮೆ ಮಬ್ಬು ಕಟ್ಟುತ್ತದೆ. ಅತಿಯಾಗಿ ತಣಿಸಿ ಸೋಸದೆ ಬಾಟಲಿಗೆ ತುಂಬಿದ್ದರ ಗುರುತು ಅದು, ಕಲಬೆರಕೆ ಅಲ್ಲ. ಇದನ್ನೂ ಹೇಳದಿದ್ದರೆ ಕೊಟ್ಟವರ ಮೇಲೆ ಅನುಮಾನ ಬರುವುದು ಸಹಜ.

ಕೊಡಗಿನ ಕೈಲ್‌ಪೊಳ್ದ್ ಹಬ್ಬದ ದಿನ ಮಾವನ ಮನೆಗೆ ಹೋದೆ. ಕೋವಿಗೆ ಹೂವಿಟ್ಟು ಪೂಜೆ ಮುಗಿದಿತ್ತು, ಕಡಂಬುಟ್ಟು, ಪಂದಿಕರಿ ಸಿದ್ಧವಾಗಿತ್ತು. ಎಲ್ಲರ ಎದುರಿಗೆ, ಎರಡೂ ಕೈಯಿಂದ ಬಾಟಲಿ ಕೊಟ್ಟು ಕಾಲು ಮುಟ್ಟಿದೆ. ಮಾವ ಕನ್ನಡಕ ಹಾಕಿಕೊಂಡು ಲೇಬಲ್ ಪೂರ್ತಿ ಓದಿದರು. "ಬೆಂಗಳೂರಿನದಾ ಮಗಳೇ?" ಎಂದು ಕೇಳಿ, ಮಗನನ್ನು ಕರೆದು ಆಗಲೇ ಸೀಲು ಒಡೆಸಿದರು. ಮೊದಲ ಲೋಟ ಹಿರಿಯರ ದೀಪದ ಮುಂದೆ ಹೋಯಿತು. ಎರಡನೆಯದರಲ್ಲಿ ಅವರು ಒಂದು ಗುಟುಕು ಕುಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಷ್ಟ್ರಿಗೆ ಇದರ ವಾಸನೆ ಹಿಡಿಸ್ತಿತ್ತು" ಎಂದರು. ಅಪ್ಪ ಮುಟ್ಟದಿದ್ದರೂ ಅವರ ಲೋಟವನ್ನು ಮೂಸಿ ನೋಡುತ್ತಿದ್ದರಂತೆ. ನನಗೆ ಅದು ಗೊತ್ತೇ ಇರಲಿಲ್ಲ.

ನೀವೂ ಯಾರಿಗಾದರೂ ಕೊಡುವುದಿದ್ದರೆ ಇನ್ನೆರಡು ಮಾತು. ಸೀಲು, ಅಬಕಾರಿಯ ಚೀಟಿ ಸರಿಯಿದೆಯೇ ನೋಡಿ, ಬಿಲ್ಲು ಇಟ್ಟುಕೊಳ್ಳಿ. ಬಾಟಲಿಯನ್ನು ನಿಲ್ಲಿಸಿಯೇ ಇಡಲು ಹೇಳಿ, ಮಲಗಿಸಿದರೆ ಗಡಸು ಮದ್ಯ ಕಾರ್ಕನ್ನು ತಿನ್ನುತ್ತದೆ. ಗುಜರಾತು, ಬಿಹಾರಗಳಲ್ಲಿ ಪಾನನಿಷೇಧ ಇದೆ, ಅಲ್ಲಿಗೆ ಒಯ್ಯಬೇಡಿ. ಎಷ್ಟೇ ಹತ್ತಿರದವರಾದರೂ ಅಂಗಡಿಗೆ ಹೋಗುವ ಮುಂಚೆ ಅವರ ಮನೆಗೊಂದು ಫೋನು ಮಾಡಿ. ಬೇಡ ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಿ, ಒಳ್ಳೆಯ ಕಾಫಿಪುಡಿ ಒಯ್ಯಿರಿ. ಬೇಕು ಎಂದರೆ, ಕಂಬಿಪುರದ ಬಾಟಲಿಯೊಂದನ್ನು ವಿದೇಶದವುಗಳ ಪಕ್ಕದಲ್ಲಿಟ್ಟು ನೋಡಿಯೇ ತೀರ್ಮಾನಿಸಿ.